ಅದ್ದಿಕೊಳ್ಳುವ ಸಾಸಿವೆ, ಬರೆದಿಟ್ಟ ಅಡುಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ನಾಲ್ಕು ಜನ ಸೇರಿದರೆ ಹಲಸಿನ ಹಪ್ಪಳದ ಪಕ್ಕದಲ್ಲಿ ಒಂದು ಬಟ್ಟಲು ಗಟ್ಟಿ ಸಾಸಿವೆ ಇರುತ್ತದೆ. ತಿಂದವರು ಹೊರಡುವಾಗ ಚಪ್ಪಲಿ ಮೆಟ್ಟುತ್ತ ವಿಧಾನ ಕೇಳುತ್ತಾರೆ. ಊರು ತಲುಪಿ ಫೋನಿನಲ್ಲಿ ಮತ್ತೆ ಕೇಳುತ್ತಾರೆ. ಮಾಡಿ ಕೆಡಿಸಿಕೊಂಡ ಮೇಲೆ ಮೂರನೆಯ ಸಲ ಕೇಳುತ್ತಾರೆ. ಅತ್ತೆಯವರ ಅಡುಗೆ ಪುಸ್ತಕವನ್ನು ತಿರುವಿ ನೋಡಿದವರದು ಬೇರೆಯೇ ಪ್ರಶ್ನೆ: ಇದರಲ್ಲಿ ಅಳತೆಯೇ ಇಲ್ಲವಲ್ಲ, ಇದನ್ನು ಯಾರಿಗಾಗಿ ಬರೆದರು? ಎರಡೂ ಬಗೆಯ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಸಾಸಿವೆ ಎನ್ನುತ್ತೀರಿ, ಡಿಪ್ ಎನ್ನುತ್ತೀರಿ. ಇದು ಯಾವುದು?

ಎರಡೂ. ಮಲೆನಾಡಿನಲ್ಲಿ ಸಾಸಿವೆ ಎಂದರೆ ಕಾಳೂ ಹೌದು, ಆ ಕಾಳನ್ನು ಹುರಿಯದೆ ತೆಂಗಿನಕಾಯಿಯ ಜೊತೆ ಬೀಸಿ ಮೊಸರಿಗೆ ಕಲಸಿದ ಪದಾರ್ಥವೂ ಹೌದು. ಹೊರಗಿನಿಂದ ಬಂದ ಸೊಸೆಯರಿಗೆ ಇದು ಮೊದಲ ಗೊಂದಲ. ನಾನು ಬಯಲುಸೀಮೆಯವಳು. ಮದುವೆಯಾದ ಹೊಸದರಲ್ಲಿ, ಯಾವುದೋ ತಿಥಿಯ ಊಟಕ್ಕೆ "ಸಾಸಿವೆ ಬಡಿಸು" ಎಂದರೆಂದು ಒಗ್ಗರಣೆ ಡಬ್ಬಿ ಹಿಡಿದು ಪಂಕ್ತಿಯ ನಡುವೆ ಹೋಗಿ ನಿಂತಿದ್ದೆ. ಆ ಕಥೆ ನಮ್ಮ ಮನೆಯಲ್ಲಿ ಇನ್ನೂ ಹಳತಾಗಿಲ್ಲ.

ಊಟದ ಸಾಸಿವೆ ಅನ್ನಕ್ಕೆ ಕಲಸಿಕೊಳ್ಳುವಷ್ಟು ಸಡಿಲವಾಗಿರುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದರೆ ಅದೇ ಸಾಸಿವೆ ಹಪ್ಪಳದ ಚೂರಿನ ಮೇಲೆ ಜಾರದೆ ನಿಲ್ಲುತ್ತದೆ. ಡಿಪ್ ಎಂದು ಹೆಸರಿಟ್ಟವಳು ಮಗಳು. ನನಗೆ ನೆಂಚಿಕೊಳ್ಳುವುದು ಎಂಬ ಕ್ರಿಯಾಪದವೇ ಸಾಕು. ಸಂಸ್ಕೃತದಿಂದ ಬಂದ ವ್ಯಂಜನ ಎಂಬ ಮಾತೂ ಇದೆ. ಕ ಕಾರ, ಗ ಕಾರಗಳಿಗೂ ಊಟದ ಬದಿಯ ಪದಾರ್ಥಗಳಿಗೂ ಅದೇ ಹೆಸರು. ಸ್ವರ ಸೇರದೆ ಒಂದು ಬಾಯಿಗೆ ಬಾರದು, ಅನ್ನವೋ ಹಪ್ಪಳವೋ ಸೇರದೆ ಇನ್ನೊಂದು ಬಾಯಿಗೆ ಹೋಗದು.

ಸರಿ, ಮಾಡುವುದು ಹೇಗೆ?

ಹತ್ತು ಜನಕ್ಕೆ ಹೇಳುತ್ತೇನೆ. ಒಂದು ಕಿಲೋ ಗಟ್ಟಿ ಮೊಸರು, ಒಂದು ಲೋಟ ಹಸಿ ತೆಂಗಿನ ತುರಿ, ಒಂದು ಟೀ ಚಮಚ ಸಾಸಿವೆ, ಮೂರು ಹಸಿಮೆಣಸಿನಕಾಯಿ, ಒಂದು ಎಳೆಯ ಮುಳ್ಳುಸೌತೆ, ಮುಕ್ಕಾಲು ಟೀ ಚಮಚ ಉಪ್ಪು, ಅಡಿಕೆ ಗಾತ್ರದ ಬೆಲ್ಲ. ಒಗ್ಗರಣೆಗೆ ಎರಡು ಟೀ ಚಮಚ ಕೊಬ್ಬರಿ ಎಣ್ಣೆ, ಚೂರು ಸಾಸಿವೆ, ಒಂದು ಒಣಮೆಣಸಿನಕಾಯಿ, ಒಂದು ಎಸಳು ಕರಿಬೇವು, ಚಿಟಿಕೆ ಇಂಗು.

ಹಿಂದಿನ ರಾತ್ರಿಯೇ ಮೊಸರನ್ನು ತೆಳುವಾದ ಪಂಚೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ಮರುದಿನ ಸೌತೆಯ ತಿರುಳು ಬೀಜ ತೆಗೆದು ಸಣ್ಣಗೆ ಹೆಚ್ಚಿ, ಸ್ವಲ್ಪ ಉಪ್ಪು ಸವರಿ ಕಾಲು ಗಂಟೆ ಬಿಟ್ಟು, ಮುಷ್ಟಿಯಲ್ಲಿ ಹಿಡಿದು ಹಿಂಡಿ. ಕಾಯಿತುರಿ, ಹಸಿಮೆಣಸು, ಬೆಲ್ಲವನ್ನು ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ಬೀಸಿ. ಕೊನೆಯಲ್ಲಿ ಸಾಸಿವೆ ಹಾಕಿ ಎರಡೇ ಸುತ್ತು ತಿರುಗಿಸಿ, ಹತ್ತು ನಿಮಿಷ ಮುಚ್ಚಿಡಿ. ಆಮೇಲೆ ಮೊಸರಿಗೆ ಇದನ್ನೂ ಸೌತೆಯನ್ನೂ ಉಳಿದ ಉಪ್ಪನ್ನೂ ಸೇರಿಸಿ ಕೈಯಿಂದಲೋ ಮರದ ಸೌಟಿನಿಂದಲೋ ಕಲಸಿ. ಒಗ್ಗರಣೆ ಪೂರ್ತಿ ತಣಿದ ಮೇಲೆ ಮೇಲಿಂದ ಹಾಕಿ. ಒಲೆಯ ಕೆಲಸ ಅಷ್ಟೇ, ಎರಡು ನಿಮಿಷ.

ಮೊಸರು ಎಷ್ಟು ಹೊತ್ತು ತೂಗಬೇಕು? ಪ್ಯಾಕೆಟ್ ಮೊಸರು ಆಗುತ್ತದೆಯೇ?

ಆಗುತ್ತದೆ. ಆರು ಗಂಟೆ ಸಾಕು, ರಾತ್ರಿಯಿಡೀ ಆದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಹೊರಗೆ ತೂಗಿದರೆ ಹುಳಿ ಏರುತ್ತದೆ. ಜರಡಿಯ ಮೇಲೆ ಬಟ್ಟೆ ಹಾಸಿ, ಕೆಳಗೆ ಪಾತ್ರೆಯಿಟ್ಟು ಫ್ರಿಜ್ಜಿನಲ್ಲೇ ಇಡಿ. ಒಂದು ಕಿಲೋ ಮೊಸರು ನೀರಿಳಿದು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಮುಖ್ಯವಾಗಿ ಮೊಸರು ಹೊಸದಾಗಿರಬೇಕು. ಹುಳಿ ಮೊಸರನ್ನು ಸೋಸಿದರೆ ಹುಳಿಯೂ ಗಟ್ಟಿಯಾಗುತ್ತದೆ.

ಸೋಸಿದ ನೀರನ್ನು ಚೆಲ್ಲಬೇಕೇ?

ಚೆಲ್ಲಬೇಡಿ. ಅಕ್ಕಿರೊಟ್ಟಿಯ ಹಿಟ್ಟು ಕಲಸಿ, ಇಲ್ಲವೇ ಉಪ್ಪು ಇಂಗು ಹಾಕಿ ಕುಡಿಯಿರಿ.

ನನ್ನ ಸಾಸಿವೆ ಕಹಿಯಾಯಿತು. ಇನ್ನೊಮ್ಮೆ ಮಾಡಿದಾಗ ಸಪ್ಪೆಯಾಯಿತು, ಮೂಗಿಗೆ ಏರಲೇ ಇಲ್ಲ. ಏಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಕಾಳಿನ ಒಳಗಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಸಾಸಿವೆ ಕಾಳನ್ನು ಬಾಯಿಗೆ ಹಾಕಿಕೊಂಡರೆ ತಕ್ಷಣ ಖಾರ ತಿಳಿಯುವುದಿಲ್ಲ. ಕಚ್ಚಿದ ಮೇಲೆ ಒಂದೆರಡು ಕ್ಷಣ ತಡವಾಗಿ ಏರುತ್ತದೆ. ಕಾಳಿನಲ್ಲಿ ಸಿದ್ಧವಾದ ಖಾರವೇ ಇಲ್ಲದಿರುವುದು ಇದಕ್ಕೆ ಕಾರಣ. ಸಿನಿಗ್ರಿನ್ ಎಂಬ ವಸ್ತು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಎರಡನ್ನೂ ಕಾಳು ಬೇರೆ ಬೇರೆ ಕೋಣೆಗಳಲ್ಲಿ ಇಟ್ಟುಕೊಂಡಿರುತ್ತದೆ. ಅರೆದಾಗ ಗೋಡೆ ಒಡೆದು, ನೀರಿನ ಜೊತೆಯಲ್ಲಿ ಅವೆರಡೂ ಕೂಡಿದ ಮೇಲೆಯೇ ಮೂಗಿಗೆ ಏರುವ ಆ ಘಾಟು ಹುಟ್ಟುತ್ತದೆ. ಹುಳು ಹುಪ್ಪಟೆ ಕಚ್ಚಿದರೆ ಓಡಿಸಲು ಗಿಡ ಮಾಡಿಕೊಂಡ ಏರ್ಪಾಟು ಇದು. ನಾವು ಅದನ್ನೇ ರುಚಿಗೆ ಮಾಡಿಕೊಂಡಿದ್ದೇವೆ.

ಈಗ ನಿಮ್ಮ ತಪ್ಪು ನೀವೇ ಹಿಡಿಯಬಹುದು. ಸಾಸಿವೆಯನ್ನು ಹುರಿದು ಬೀಸಿದಿರೋ, ಬಿಸಿಗೆ ಕಿಣ್ವ ಸತ್ತಿತು. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಘಾಟು ಬಿಡದೆ ಬರೀ ಪರಿಮಳ ಕೊಡುವುದು ಅದಕ್ಕೇ. ಮೊಸರಿನ ಜೊತೆಗೇ ಬೀಸಿದಿರೋ, ಹುಳಿ ಕಿಣ್ವದ ಕೈ ಕಟ್ಟಿಹಾಕಿತು. ಮೊದಲು ನೀರು, ಹತ್ತು ನಿಮಿಷ ಬಿಡುವು, ಆಮೇಲೆ ಮೊಸರು ಎಂಬ ಕ್ರಮ ಈ ಕಾರಣಕ್ಕೆ. ಕಹಿಯಾಗಿದ್ದರೆ ಬಹುಮಟ್ಟಿಗೆ ಕಾಳು ಹಳೆಯದು, ಅಥವಾ ಮಿಕ್ಸಿಯಲ್ಲಿ ಸಾಸಿವೆಯನ್ನು ಮೊದಲೇ ಹಾಕಿ ಕಾಯಿ ನುಣ್ಣಗಾಗುವ ತನಕ ತಿರುಗಿಸಿದ್ದೀರಿ.

ಅತ್ತೆಯವರು ಈ ಕಿಣ್ವದ ಹೆಸರು ಕೇಳಿದವರಲ್ಲ. "ಸಾಸಿವೆ ಕೊನೆಗೆ ಹಾಕು, ಸಿಟ್ಟು ಬರುವ ತನಕ ಕಾಯಿ" ಎನ್ನುತ್ತಿದ್ದರು. ಸಿಟ್ಟು ಬರಬೇಕಾದದ್ದು ಸಾಸಿವೆಗೆ.

ಮೊಸರು ನೀರೊಡೆಯಿತು. ಸರಿಪಡಿಸಬಹುದೇ?

ಸೌತೆಯನ್ನು ಹಿಂಡದೆ ಹಾಕಿದ್ದೀರಿ. ಉಪ್ಪು ತಾಗಿದ ಸೌತೆ ಗಂಟೆಗಟ್ಟಲೆ ನೀರು ಬಿಡುತ್ತಲೇ ಇರುತ್ತದೆ. ಒಡೆದ ಮೇಲೆ ಗಟ್ಟಿ ಮಾಡುವ ಉಪಾಯ ಹುಡುಕಬೇಡಿ, ಇನ್ನಷ್ಟು ಮೊಸರು ಸೇರಿಸಿ ರಾತ್ರಿಯ ಅನ್ನಕ್ಕೆ ಬಡಿಸಿ. ಅದು ಅದರ ಮೂಲ ಅವತಾರ, ಯಾರಿಗೂ ಅನುಮಾನ ಬರುವುದಿಲ್ಲ.

ತಂಬುಳಿಗೂ ಇದಕ್ಕೂ ಏನು ವ್ಯತ್ಯಾಸ?

ತಂಬುಳಿ ತೆಳು, ಮಜ್ಜಿಗೆಯದು, ಹೆಚ್ಚಾಗಿ ಸೊಪ್ಪಿನದು, ಕುಡಿಯಲೂ ಬರುತ್ತದೆ. ಇದು ಗಟ್ಟಿ, ಇದರ ಜೀವ ಹಸಿ ಸಾಸಿವೆ. ಒಂದೆಲಗದ ತಂಬುಳಿಯನ್ನು ಗಟ್ಟಿ ಮಾಡಿ ಡಿಪ್ ಮಾಡಬಹುದೇ ಎಂದು ಒಬ್ಬರು ಕೇಳಿದ್ದರು. ಮಾಡಬಹುದು, ಆದರೆ ಹಸಿರು ಕೆಸರಿನಂತೆ ಕಾಣುವ ಬಟ್ಟಲಿಗೆ ಮಕ್ಕಳು ಕೈ ಹಾಕುವುದಿಲ್ಲ.

ಜೊತೆಗೆ ಏನಿಡಬೇಕು?

ಹಲಸಿನಕಾಯಿ ಹಪ್ಪಳ. ಎರಡನೆಯ ಆಯ್ಕೆ ಕೇಳಿದರೆ ಬಾಳೆಕಾಯಿ ಚಿಪ್ಸ್. ಸೌತೆ, ಮೂಲಂಗಿಯ ಉದ್ದ ಹೋಳುಗಳೂ ಆಗುತ್ತವೆ, ವೈದ್ಯರ ಎಚ್ಚರಿಕೆ ಇರುವವರಿಗೆ.

ಹಪ್ಪಳದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಇದು ಬೇಸಿಗೆಯ ಕೆಲಸ, ಮಳೆಗಾಲದ ತಿಂಡಿ. ಬಲಿತ ಆದರೆ ಹಣ್ಣಾಗದ ಬಕ್ಕೆ ಹಲಸಿನ ತೊಳೆಗಳನ್ನು ಬೇಯಿಸಿ, ಉಪ್ಪು ಖಾರ ಹಾಕಿ ರುಬ್ಬಿ, ತಟ್ಟಿ, ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಒಣಗಿಸಿ ಡಬ್ಬಿ ತುಂಬಿಸಿಟ್ಟರೆ ಜುಲೈಯಲ್ಲಿ ಕೈ ಹಿಡಿಯುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯ ಕಡೆ ನನ್ನ ನಾದಿನಿಯ ಮನೆ. ಅಲ್ಲಿ ಆಷಾಢದಲ್ಲಿ ಕರಿದ ಹಪ್ಪಳ ಎಣ್ಣೆಯಿಂದ ತೆಗೆದು ಮಾತು ಮುಗಿಯುವುದರೊಳಗೆ ಮೆತ್ತಗಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕರೆದವರೆಲ್ಲ ಬಂದು ಕುಳಿತ ಮೇಲೆಯೇ ಬಾಣಲೆ ಇಡಿ. ಮೆತ್ತಗಾದ ಹಪ್ಪಳ ಗಟ್ಟಿ ಸಾಸಿವೆಯಲ್ಲಿ ಮುಳುಗಿ ಬಾಗುತ್ತದೆಯೇ ಹೊರತು ಮೇಲಕ್ಕೆ ಏನನ್ನೂ ತರುವುದಿಲ್ಲ.

ಎಷ್ಟು ಮುಂಚೆ ಮಾಡಿಡಬಹುದು?

ಬೆಳಿಗ್ಗೆ ಮಾಡಿ ಸಂಜೆಗೆ ಬಡಿಸಬಹುದು, ಫ್ರಿಜ್ಜಿನಲ್ಲಿಟ್ಟರೆ ಮರುದಿನವೂ ಸರಿ. ಅದಕ್ಕಿಂತ ಮುಂದೆ ಹೋಗಬೇಡಿ. ಹಸಿ ತೆಂಗಿನಕಾಯಿ ಮೊಸರಿಗಿಂತ ಬೇಗ ಹಳಸುತ್ತದೆ. ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಇಡುವುದೂ ಬೇಡ. ತಣ್ಣಗೆ ಇಟ್ಟಾಗ ತೆಂಗಿನ ಜಿಡ್ಡು ಹೆಪ್ಪುಗಟ್ಟಿ ಗಾರೆಯಂತಾಗುತ್ತದೆ. ಬಡಿಸುವ ಇಪ್ಪತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ.

ಐವತ್ತು ಜನಕ್ಕೆ ಮಾಡುವಾಗ ಎಲ್ಲವನ್ನೂ ಐದರಿಂದ ಗುಣಿಸಿದರೆ ಆಯಿತೇ?

ಮೊಸರು, ಕಾಯಿ, ಸೌತೆಯನ್ನು ಗುಣಿಸಿ. ಸಾಸಿವೆ, ಮೆಣಸು, ಉಪ್ಪನ್ನು ಮೂರೂವರೆ ಪಾಲಿಗೆ ನಿಲ್ಲಿಸಿ ರುಚಿ ನೋಡಿ, ಆಮೇಲೆ ಬೇಕಾದರೆ ಏರಿಸಿ. ಸಾಸಿವೆ ಹೆಚ್ಚಾದರೆ ಹಿಂದಕ್ಕೆ ತೆಗೆಯುವ ದಾರಿಯಿಲ್ಲ.

ಬೆಳ್ಳುಳ್ಳಿ ಹಾಕಬಹುದೇ? ಹಸಿಮೆಣಸಿನ ಬದಲು ಬೇರೆ ಏನಾದರೂ?

ಬೆಳ್ಳುಳ್ಳಿ ಹಾಕಿದರೆ ಚೆನ್ನಾಗಿಯೇ ಇರುತ್ತದೆ, ಆದರೆ ಸಾಸಿವೆಯ ಘಾಟು ಹಿಂದೆ ಸರಿಯುತ್ತದೆ. ಇಬ್ಬರು ಗಟ್ಟಿಗರನ್ನು ಒಂದು ಬಟ್ಟಲಿನಲ್ಲಿ ಕೂರಿಸಬಾರದು ಎನ್ನುವುದು ನನ್ನ ಮತ. ಬೆಳ್ಳುಳ್ಳಿ ತಿನ್ನದ ನೆಂಟರು ಬರುವವರಿದ್ದರಂತೂ ಪ್ರಶ್ನೆಯೇ ಇಲ್ಲ. ಹಸಿಮೆಣಸಿನ ಬದಲು ತೋಟದ ಸೂಜಿಮೆಣಸು ಸಿಕ್ಕರೆ ನಾಲ್ಕೈದು ಹಾಕಿ. ಒಂದು ಚಮಚ ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಬೆರೆಸಿದರೆ ಇಡೀ ಬಟ್ಟಲು ಮಾವಿನ ಸೊನೆಯ ಪರಿಮಳ ಬಿಡುತ್ತದೆ. ಆಗ ಉಪ್ಪು ಕಡಿಮೆ ಮಾಡುವುದನ್ನು ಮರೆಯಬೇಡಿ. ನಾನು ಮರೆತಿದ್ದೇನೆ.

ಕಾಳುಮೆಣಸಿನಲ್ಲೂ ಮಾಡಬಹುದು. ವಾಸ್ತವದಲ್ಲಿ ಅದು ಹೊಸ ಪ್ರಯೋಗವಲ್ಲ, ಹಳೆಯ ಪದ್ಧತಿ. ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಅದಕ್ಕೂ ಮೊದಲು ಖಾರ ಎಂದರೆ ನಮ್ಮ ಅಡಿಕೆ ಮರಗಳನ್ನು ಹಬ್ಬಿದ ಬಳ್ಳಿಯ ಮೆಣಸೇ. ಕಾಯಿ ಬಂದಾಗ ಅದಕ್ಕೆ ಬೇರೆ ಹೆಸರು ಹುಡುಕದೆ ಮೆಣಸಿನ ಕಾಯಿ ಎಂದು ಕರೆದರು. ಘಟ್ಟದ ಕೆಳಗಿನ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಕಾಳಿನ ವ್ಯಾಪಾರದಿಂದಾಗಿ.

ನಿಮ್ಮ ಅತ್ತೆಯವರ ಪುಸ್ತಕದಲ್ಲಿ ಅಳತೆ ಏಕಿಲ್ಲ? ಗುಟ್ಟು ಬಿಟ್ಟುಕೊಡಬಾರದೆಂದೇ?

ಗುಟ್ಟಲ್ಲ. ಆ ಪುಸ್ತಕ ಮಾಡಲು ಬಾರದವರಿಗಾಗಿ ಬರೆದದ್ದಲ್ಲ. ನೂರಾರು ಸಲ ಮಾಡಿದ ಕೈಗೆ ಜ್ಞಾಪಕ ಕೊಡಲು ಬರೆದದ್ದು. ಅಲ್ಲಲ್ಲಿ ಅಳತೆಯಂಥದ್ದು ಇದೆ: ನೆಲ್ಲಿಕಾಯಿ ಗಾತ್ರದ ಹುಣಸೆ, ಅಡಿಕೆ ಗಾತ್ರದ ಬೆಲ್ಲ, ಒಂದು ಬೊಗಸೆ ಅಕ್ಕಿ, ಉಪ್ಪು ಬೇಕಾದಷ್ಟು. ಬೇಕಾದಷ್ಟು ಎಂದರೆ ಎಷ್ಟು ಎಂದು ನಾನೇ ಕೇಳಿದ್ದೆ. "ಸಾಕು ಅನ್ನಿಸುವಷ್ಟು" ಎಂದರು.

ಇದು ನಮ್ಮ ಮನೆಯ ವಿಶೇಷವೇನೂ ಅಲ್ಲ. ಲೋಕದಲ್ಲಿ ಬರೆದಿಟ್ಟ ಅಡುಗೆಯ ಚರಿತ್ರೆಯಲ್ಲಿ ಬಹುಪಾಲು ಹೀಗೆಯೇ ಇದೆ. ಸಾವಿರಾರು ವರ್ಷ ಜನ ಅಳತೆಯಿಲ್ಲದೆ ಅಡುಗೆ ಬರೆದಿದ್ದಾರೆ. ಚಮಚದ ಲೆಕ್ಕ ನಿನ್ನೆ ಮೊನ್ನೆಯದು.

ಎಲ್ಲಕ್ಕಿಂತ ಹಳೆಯ ಬರೆದ ಪಾಕ ಯಾವುದು?

ನಮಗೆ ಸಿಕ್ಕಿರುವುದರಲ್ಲಿ ಅತಿ ಹಳೆಯವು ಮೆಸೊಪೊಟೇಮಿಯದ ಮಣ್ಣಿನ ಹಲಗೆಗಳು. ಅಕ್ಕೇಡಿಯನ್ ಭಾಷೆಯಲ್ಲಿ, ಮೊಳೆಯಾಕಾರದ ಅಕ್ಷರಗಳಲ್ಲಿ ಕೊರೆದವು, ಕ್ರಿಸ್ತಪೂರ್ವ 1700ರ ಆಸುಪಾಸಿನವು. ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿವೆ. ಬಹಳ ಕಾಲ ಅವನ್ನು ಔಷಧದ ಪಟ್ಟಿ ಎಂದೇ ತಿಳಿದಿದ್ದರು. ಅಡುಗೆಯೆಂದು ಬಿಡಿಸಿ ಓದಿದವರು 1980ರ ದಶಕದಲ್ಲಿ ಫ್ರೆಂಚ್ ವಿದ್ವಾಂಸ ಜಾನ್ ಬೊತೆರೊ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ, ನಮ್ಮ ಕಷಾಯದ ಪುಟ ಯಾವುದು ಸಾರಿನ ಪುಟ ಯಾವುದು ಎಂದು ಅತ್ತೆಯವರ ಪುಸ್ತಕದಲ್ಲೂ ಹೇಳುವುದು ಕಷ್ಟ.

ಆ ಹಲಗೆಗಳಲ್ಲಿ ಒಂದರಲ್ಲೇ 25 ಪಾಕಗಳಿವೆ, ಹೆಚ್ಚಿನವು ಮಾಂಸದ ಸಾರುಗಳು. ಮಾಂಸ ಹಾಕು, ನೀರು ಸಿದ್ಧಮಾಡು, ಕೊಬ್ಬು ಹಾಕು, ಈರುಳ್ಳಿ ಬೆಳ್ಳುಳ್ಳಿ ಜಜ್ಜಿ ಹಾಕು ಎಂಬ ಧಾಟಿ. ಎಷ್ಟು, ಎಷ್ಟು ಹೊತ್ತು ಎಂಬುದಿಲ್ಲ. ರೋಮಿನ ಕಾಲದ್ದೆಂದು ಉಳಿದುಬಂದ, ಎಪಿಶಿಯಸ್ ಹೆಸರಿನ ಲ್ಯಾಟಿನ್ ಪಾಕಸಂಗ್ರಹದಲ್ಲಿ ನಾನೂರಕ್ಕೂ ಹೆಚ್ಚು ಪಾಕಗಳಿವೆ, ಅಲ್ಲಿಯೂ ಅಳತೆ ಅಪರೂಪ. ಅದರಲ್ಲಿ ಬಹಳಷ್ಟು ಭಾಗ ಕುದಿಸಿದ ಮಾಂಸಕ್ಕೆ, ಮೀನಿಗೆ ನೆಂಚಿಕೊಳ್ಳುವ ಗೊಜ್ಜುಗಳು. ಕಾಳುಮೆಣಸು ಪುಟಪುಟದಲ್ಲೂ ಬರುತ್ತದೆ. ಅದು ಹಡಗು ಹತ್ತಿದ್ದು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ. ಬೆಳೆದದ್ದು ಘಟ್ಟದ ಇಳಿಜಾರಿನಲ್ಲಿ.

ಕನ್ನಡದಲ್ಲಿ ಅಡುಗೆ ಬರೆದಿಟ್ಟವರು ಯಾರು?

ಇಲ್ಲಿ ನಾವು ಬಡವರಲ್ಲ. ಎರಡನೆಯ ಚಾವುಂಡರಾಯನ ಲೋಕೋಪಕಾರ ಸುಮಾರು 1025ರದು. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಕವಿ. ಜ್ಯೋತಿಷ, ವಾಸ್ತು, ಅಂತರ್ಜಲ ಶೋಧ, ಗಿಡಮರಗಳ ವೈದ್ಯ, ಸುಗಂಧದ್ರವ್ಯಗಳ ನಡುವೆ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯ ಇಟ್ಟಿದ್ದಾನೆ. ಮನೆ ನಡೆಸುವವನಿಗೆ ಇವೆಲ್ಲವೂ ಒಂದೇ ಪುಸ್ತಕದಲ್ಲಿ ಬೇಕು ಎಂದು ಅವನಿಗೆ ಗೊತ್ತಿತ್ತು. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ರುಬ್ಬಿ, ಮೊಸರಿನ ತಿಳಿನೀರಿನಲ್ಲಿ ಕಲಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಹಾಕುವ ಇಡ್ಡಲಿಗೆ ಅಲ್ಲಿದೆ. ಸೋಸಿದ ನೀರು ಚೆಲ್ಲಬೇಡಿ ಎಂದು ಮೇಲೆ ಹೇಳಿದೆನಲ್ಲ, ಸಾವಿರ ವರ್ಷದ ಹಿಂದೆಯೂ ಚೆಲ್ಲುತ್ತಿರಲಿಲ್ಲ.

ನೂರು ವರ್ಷದ ಬಳಿಕ, 1129ರ ಹೊತ್ತಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸವನ್ನು ರಚಿಸಿದ. ಭಾಷೆ ಸಂಸ್ಕೃತ, ಊಟ ಕನ್ನಡ ನಾಡಿನದು. ಅನ್ನಭೋಗ ಎಂಬ ಭಾಗದಲ್ಲಿ ಇಡ್ಲಿ, ದೋಸೆ, ವಡೆಗಳ ಪೂರ್ವಜರು ಸಿಗುತ್ತಾರೆ. ಸುಟ್ಟ ಇಲಿಯೂ ಸಿಗುತ್ತದೆ. ನಮ್ಮ ಪ್ರಾಚೀನರು ಬರೀ ಸೊಪ್ಪು ತಿನ್ನುತ್ತಿದ್ದರು ಎಂದು ವಾದಿಸುವ ನೆಂಟರೊಬ್ಬರಿಗೆ ನಾನು ಇದನ್ನು ಹೇಳಿ, ಅವರು ಎರಡು ತಿಂಗಳು ನಮ್ಮ ಮನೆಗೆ ಬರಲಿಲ್ಲ.

ನನಗೆ ಹೆಚ್ಚು ಇಷ್ಟವಾದವನು ಮೂರನೆಯ ಮಂಗರಸ. ಕಲ್ಲಹಳ್ಳಿಯ ಜೈನ ಅರಸು, ಸುಮಾರು 1508ರಲ್ಲಿ ಸಸ್ಯಾಹಾರದ ಅಡುಗೆಗೆಂದೇ ಸೂಪಶಾಸ್ತ್ರ ಬರೆದ, ಅದೂ ವಾರ್ಧಕ ಷಟ್ಪದಿಯಲ್ಲಿ. ಹಿಟ್ಟಿನ ಭಕ್ಷ್ಯಗಳಿಗೆ ಒಂದು ಭಾಗ, ಪಾನಕಗಳಿಗೆ ಒಂದು, ಬದನೆಗೆ, ಹಲಸಿಗೆ, ಬಾಳೆಗೆ, ಕಳಲೆಗೆ ತಮ್ಮ ತಮ್ಮ ಜಾಗ. ಹಲಸು, ಕಳಲೆ ಎಂದಾಗ ಮಲೆನಾಡಿನವರ ಕಿವಿ ನೆಟ್ಟಗಾಗುತ್ತದೆ. ಮೆಣಸಿನಕಾಯಿಯಂತೂ ಇರುವಂತಿಲ್ಲ, ಅದು ಇನ್ನೂ ಈ ದಂಡೆ ಮುಟ್ಟಿರಲಿಲ್ಲ.

ಪದ್ಯದಲ್ಲಿ ಅಡುಗೆ ಬರೆಯುವುದು ವಿಚಿತ್ರವಲ್ಲವೇ?

ಛಂದಸ್ಸು ನೆನಪಿಗೆ ಹಿಡಿಕೆ. ಓಲೆಗರಿಯ ಕಟ್ಟನ್ನು ಒಲೆಯ ಪಕ್ಕದಲ್ಲಿ ಬಿಚ್ಚಿಟ್ಟುಕೊಂಡು ಯಾರೂ ಒಗ್ಗರಣೆ ಹಾಕುವುದಿಲ್ಲ. ಬಾಯಿಗೆ ಬಂದಿದ್ದರೆ ಸೌಟು ಹಿಡಿದೇ ಹೇಳಿಕೊಳ್ಳಬಹುದು. ಆದರೆ ಮಾತ್ರೆ ಎಣಿಸುವ ಪದ್ಯದಲ್ಲಿ ಸೇರು ಪಾವುಗಳ ಲೆಕ್ಕವನ್ನೆಲ್ಲ ಕೂರಿಸುವುದು ಕಷ್ಟ, ಪ್ರಾಸಕ್ಕಾಗಿ ಉಪ್ಪು ಹೆಚ್ಚಾದೀತು.

ನಮ್ಮ ಜಿಲ್ಲೆಯಲ್ಲೇ ಅಂಥ ಬರಹವಿದೆಯೇ?

ಇದೆ. ಕೆಳದಿಯ ಬಸವಪ್ಪ ನಾಯಕ, ಅಂದರೆ ಬಸವರಾಜ, 1709ರ ಸುಮಾರಿಗೆ ಶಿವತತ್ತ್ವ ರತ್ನಾಕರ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ಕೆಳದಿ ರಾಜವಂಶದ ಕಥೆ, ಶಿವಭಕ್ತಿ, ರಾಜನೀತಿ, ಸಂಗೀತ, ಶಿಲ್ಪದ ಜೊತೆ ಅಡುಗೆಮನೆ, ಪಾತ್ರೆ ಪಡಗ, ಪಾಕಗಳ ವಿಚಾರವೂ ಅದರಲ್ಲಿ ಸೇರಿದೆ. ಅರಸನ ಪುಸ್ತಕ ಅರಸನ ಅಡುಗೆಮನೆಯದೇ ಆಗಿರುತ್ತದೆ, ತೋಟದ ಮನೆಯ ಸೌತೆ ಸಾಸಿವೆಯನ್ನು ಅಲ್ಲಿ ಹುಡುಕಬೇಡಿ. ಓಲೆಗರಿ ಹೇಗಿರುತ್ತದೆ ಎಂದು ಕಣ್ಣಾರೆ ನೋಡಬೇಕಾದರೆ ಸಾಗರದಿಂದ ಹತ್ತು ನಿಮಿಷದ ದಾರಿಯಲ್ಲಿ ಕೆಳದಿಯ ವಸ್ತುಸಂಗ್ರಹಾಲಯವಿದೆ. ಹೆಂಗಸರ ಅಡುಗೆ ಓಲೆಗರಿಗೆ ಏರಲಿಲ್ಲ. ನೋಟ್‌ಪುಸ್ತಕ, ಪೆನ್ಸಿಲು, ಶಾಲೆ ಮನೆಗೆ ಬಂದ ಮೇಲೆ ಅದು ಕಾಗದಕ್ಕೆ ಇಳಿಯಿತು.

ಹಾಗಾದರೆ ಅಳತೆ ಯಾವಾಗ ಬಂತು?

ಮನೆಯಲ್ಲಿ ಕಲಿಸುವವರು ಇಲ್ಲವಾದಾಗ. ಇಂಗ್ಲೆಂಡಿನಲ್ಲಿ ಎಲೈಜಾ ಆಕ್ಟನ್ 1845ರಲ್ಲಿ ಪ್ರತಿ ಪಾಕದ ಕೊನೆಗೆ ಸಾಮಗ್ರಿ, ಪ್ರಮಾಣ, ಸಮಯಗಳನ್ನು ಒಟ್ಟುಮಾಡಿ ಕೊಟ್ಟಳು. 1861ರಲ್ಲಿ ಇಸಬೆಲ್ಲಾ ಬೀಟನ್ ಆ ಪಟ್ಟಿಯನ್ನು ಪಾಕದ ತಲೆಗೇ ಏರಿಸಿದಳು. ಪಾಕಗಳಲ್ಲಿ ಬಹಳಷ್ಟನ್ನು ಆಕ್ಟನ್ ಸೇರಿದಂತೆ ಇತರರಿಂದ ಎತ್ತಿಕೊಂಡದ್ದು ಬೇರೆ ಮಾತು. 1896ರಲ್ಲಿ ಬಾಸ್ಟನ್ನಿನ ಫ್ಯಾನಿ ಫಾರ್ಮರ್ ಚಮಚವನ್ನು ಚಾಕುವಿನಿಂದ ಸಮ ಮಾಡಿ ಅಳೆಯಬೇಕು ಎಂದು ಕಟ್ಟುನಿಟ್ಟು ಮಾಡಿದಳು. ಹಳ್ಳಿಯ ಅಡುಗೆಮನೆ ಬಿಟ್ಟು ಪಟ್ಟಣದಲ್ಲಿ ಸಂಸಾರ ಹೂಡಿದ ಹೆಣ್ಣುಮಕ್ಕಳಿಗೆ ಪಕ್ಕದಲ್ಲಿ ನಿಂತು ಹೇಳಿಕೊಡುವ ತಾಯಿ ಇರಲಿಲ್ಲ, ಚಮಚ ಆ ಜಾಗಕ್ಕೆ ಬಂತು.

ನಮ್ಮಲ್ಲಿ ಇನ್ನೊಂದು ತೊಡಕಿತ್ತು. ಅಳತೆಗಳೇ ಊರಿಗೊಂದು. ತೂಕದ ಸೇರು ಬೇರೆ, ಅಳೆಯುವ ಸೇರು ಬೇರೆ. ಎಂಬತ್ತು ತೊಲದ ಸೇರು ಸುಮಾರು 933 ಗ್ರಾಂ, ಅದರ ಹದಿನಾರನೆಯ ಒಂದು ಪಾಲು ಚಟಾಕು, 58 ಗ್ರಾಂ. ಪಕ್ಕದ ಪೇಟೆಯ ಸೇರು ಇದಕ್ಕೆ ಹೊಂದಬೇಕೆಂದಿಲ್ಲ. 1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿ ಬಂತು, 1957ರಲ್ಲಿ ನಯಾಪೈಸೆ, 1962ರ ಹೊತ್ತಿಗೆ ಕಿಲೋ ಕಡ್ಡಾಯ. ಅತ್ತೆಯವರ ಪುಸ್ತಕದಲ್ಲಿ ಈ ಗಡಿ ಕಣ್ಣಿಗೆ ಕಾಣುತ್ತದೆ: ಮೊದಲ ಪುಟಗಳ ಮೈಸೂರುಪಾಕಿನಲ್ಲಿ ಪಾವು ಸಕ್ಕರೆ, ಕೊನೆಯ ಪುಟಗಳ ಕೇಕಿನಲ್ಲಿ 250 ಗ್ರಾಂ ಮೈದಾ. ಕೇಕಿಗೆ ಮಾತ್ರ ಗ್ರಾಂ ಲೆಕ್ಕ ಏಕೆಂದರೆ ಕೇಕನ್ನು ಅವರಿಗೆ ಯಾರೂ ಪಕ್ಕದಲ್ಲಿ ನಿಂತು ಕಲಿಸಿರಲಿಲ್ಲ. ಬಾರದ ಅಡುಗೆಗೆ ಅಳತೆ ಬರೆದರು, ಬರುವ ಅಡುಗೆಗೆ ಬರೆಯಲಿಲ್ಲ.

ಡಿಪ್ ಎಂಬುದು ಯಾವ ದೇಶದ ಸಂಪ್ರದಾಯ?

ಅದ್ದಿ ತಿನ್ನುವುದು ಎಲ್ಲ ದೇಶದ್ದು. ಪಾರ್ಟಿಯ ಮೇಜಿನ ನಡುವೆ ಚಿಪ್ಸಿನ ಜೊತೆ ಬಟ್ಟಲು ಇಡುವ ರೂಢಿ ಜೋರಾದದ್ದು 1950ರ ದಶಕದ ಅಮೆರಿಕದಲ್ಲಿ. 1954ರಲ್ಲಿ ಕ್ಯಾಲಿಫೋರ್ನಿಯದ ಯಾರೋ ಒಬ್ಬರು ಹುಳಿ ಕೆನೆಗೆ ಈರುಳ್ಳಿ ಸೂಪಿನ ಪುಡಿ ಕಲಸಿದರು. ಅದು ಬಾಯಿಂದ ಬಾಯಿಗೆ ಹಬ್ಬಿತು. ಸೂಪಿನ ಪುಡಿ ತಯಾರಿಸುತ್ತಿದ್ದ ಲಿಪ್ಟನ್ ಕಂಪನಿಗೆ ಸುದ್ದಿ ಮುಟ್ಟಿ, 1958ರಲ್ಲಿ ಪೊಟ್ಟಣದ ಮೇಲೆಯೇ ಆ ವಿಧಾನವನ್ನು ಅಚ್ಚು ಹಾಕಿಸಿತು. ಪೊಟ್ಟಣದ ಮೇಲೆ ಕಂಪನಿಯ ಹೆಸರಿದೆ, ಮೊದಲು ಕಲಸಿದವರ ಹೆಸರು ಎಲ್ಲೂ ಇಲ್ಲ.

ನೀವು ಬರೆದ ಈ ವಿಧಾನವನ್ನು ನಾವು ನಕಲು ಮಾಡಬಹುದೇ?

ಧಾರಾಳವಾಗಿ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ ಕಾಯುವುದು ಬರೆದ ಬಗೆಯನ್ನು, ಬರೆದ ವಿಚಾರವನ್ನಲ್ಲ. ಮೊಸರು, ಕಾಯಿ, ಸಾಸಿವೆ ಎಂಬ ಪಟ್ಟಿಗೆ ಯಾರೂ ಒಡೆಯರಲ್ಲ. ಸಾಸಿವೆಯ ಸಿಟ್ಟಿನ ಮಾತನ್ನು ಮಾತ್ರ ಯಾರಾದರೂ ಎತ್ತಿಕೊಂಡರೆ ಅತ್ತೆಯವರದೆಂದು ಹೇಳಿ.

ನಮ್ಮ ಅಜ್ಜಿಯ ಅಡುಗೆಯನ್ನು ಬರೆದಿಡಬೇಕೆಂದಿದ್ದೇನೆ. ಹೇಗೆ ಶುರು ಮಾಡಲಿ?

ಕೂರಿಸಿ ಕೇಳಬೇಡಿ. ಕುರ್ಚಿಯಲ್ಲಿ ಕುಳಿತ ಅಜ್ಜಿಗೆ ಏನೂ ನೆನಪಾಗುವುದಿಲ್ಲ, ಒಲೆಯ ಮುಂದೆ ನಿಂತಾಗ ಎಲ್ಲವೂ ಬರುತ್ತದೆ. ಅವರು ಮಾಡುವಾಗ ನೀವು ಪಕ್ಕದಲ್ಲಿರಿ. ಅವರ ಮುಷ್ಟಿಯಿಂದ ಹಿಟ್ಟು ಪಾತ್ರೆಗೆ ಬೀಳುವ ಮೊದಲು ತಕ್ಕಡಿಯ ತಟ್ಟೆ ಅಡ್ಡ ಹಿಡಿಯಿರಿ. ಎರಡು ಸಲ ಸಹಿಸಿಕೊಳ್ಳುತ್ತಾರೆ, ಮೂರನೆಯ ಸಲ ಬೈಯುತ್ತಾರೆ, ಅಷ್ಟರಲ್ಲಿ ನಿಮ್ಮ ಕೆಲಸ ಆಗಿರುತ್ತದೆ. ಅಳತೆಗಿಂತ ಹೆಚ್ಚಾಗಿ ಗುರುತುಗಳನ್ನು ಬರೆದುಕೊಳ್ಳಿ: ಯಾವ ವಾಸನೆ ಬಂದಾಗ ಉರಿ ತಗ್ಗಿಸಿದರು, ಸೌಟಿನಿಂದ ಹೇಗೆ ಬಿದ್ದರೆ ಹದ ಎಂದರು, ಯಾವಾಗ ತಲೆಯಾಡಿಸಿದರು. ಅವರ ಮಾತುಗಳನ್ನು ತಿದ್ದಬೇಡಿ. ಯಾವ ಪಾತ್ರೆ ಎಂಬುದನ್ನೂ ಬರೆಯಿರಿ, ಕಲ್ಲುಮರಿಗೆಯ ಹದ ಸ್ಟೀಲಿಗೆ ಬಾರದು.

ನಾನು ಇದನ್ನು ತಡವಾಗಿ ಕಲಿತೆ. ಅವರ ಕೆಸುವಿನ ಪತ್ರೊಡೆ ನನಗೆ ಇನ್ನೂ ಬಂದಿಲ್ಲ. ಪುಸ್ತಕದಲ್ಲಿ ಆ ಪುಟ ಇದೆ. ಪತ್ರೊಡೆ ಎಂಬ ಶೀರ್ಷಿಕೆಯ ಕೆಳಗೆ ಒಂದೇ ಮಾತು, ಯಾವಾಗಿನಂತೆ.

ಆ ಪುಸ್ತಕದಲ್ಲಿ ಸಾಸಿವೆಯ ಪುಟ ಹೇಗಿದೆ? ನಿಮ್ಮ ವಿಧಾನ ಅದರದ್ದೇ ಅಲ್ಲವೇ?

ಪೂರ್ತಿ ಅದರದ್ದಲ್ಲ. ಪುಟ ಇಷ್ಟೇ: "ಸೌತೆ ಸಾಸಿವೆ. ಕಾಯಿ ಮೆಣಸು ಬೀಸಿ ಕೊನೆಗೆ ಸಾಸಿವೆ. ಮೊಸರು. ಉಪ್ಪು ಬೆಲ್ಲ ನೋಡಿ. ಒಗ್ಗರಣೆ ಬೇಡ." ಒಗ್ಗರಣೆ ನಾನು ಸೇರಿಸಿದ್ದು, ಅವರು ಇದ್ದಾಗಲೇ ಸೇರಿಸಿ ಬಡಿಸಿದ್ದೆ, ಎರಡನೆಯ ಸಲ ಹಾಕಿಸಿಕೊಂಡರು, ಪುಸ್ತಕ ತಿದ್ದಲಿಲ್ಲ. ಅದರ ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲಿದೆ. ಆ ಪುಟದಲ್ಲಿರುವ ಒಂದೇ ಒಂದು ಅಂಕಿ ಅದರಲ್ಲಿದೆ: "ತಮ್ಮನ ಮನೆ ಒಕ್ಕಲಿಗೆ 3 ಕಾಯಿ. ಸಾಲಲಿಲ್ಲ."